ಮಂಗಳೂರಿನ ಅಳಿವೆಬಾಗಿಲು

ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಗೂ ಹೊರಜಗಲಿಗೂ ಏಕಕಾಲದಲ್ಲಿ ಬೆಳಕನ್ನು ಕೊಡುತ್ತದೆ. ಇದನ್ನೇ ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದು ಕರೆದರು. ಒಂದೇ ಪದವು ಹಿಂದಣ ವಾಕ್ಯಕ್ಕೂ ಮುಂದಣ ವಾಕ್ಯಕ್ಕೂ ಅನ್ವಯಿಸುವಲ್ಲಿ ಪಂಡಿತರು ಈ ನ್ಯಾಯವನ್ನು ಉದಾಹರಿಸುವುದು ವಾಡಿಕೆ. ಆದರೆ ಪದಗಳಿಗಿಂತಲೂ ಪಟ್ಟಣಗಳಿಗೆ, ಅವುಗಳಲ್ಲಿಯೂ ಸಮುದ್ರತೀರದ ರೇವುಪಟ್ಟಣಗಳಿಗೆ, ಈ ನ್ಯಾಯವು ಹೆಚ್ಚು ಚೆನ್ನಾಗಿ ಹೊಂದುತ್ತದೆ. ರೇವೆಂಬುದು ದೇಶದ ಹೊಸ್ತಿಲು. ಅಲ್ಲಿ ದೀಪವು ಉರಿಯುತ್ತಿದ್ದರೆ ಘಟ್ಟದ ಮೇಲಣ ಸಂತೆಗೂ ಕಡಲಾಚೆಯ ಪೇಟೆಗೂ ಬೆಳಕು. ಅದು ನಂದಿದರೆ ಎರಡು ಕಡೆಗಳಿಗೂ ಕತ್ತಲೆ. ಪಡುಗಡಲ ಕರೆಯ ಮಂಗಳೂರು ಅಂತಹ ಒಂದು ಹೊಸ್ತಿಲು. ಹೊಳೆಯು ಕಡಲನ್ನು ಸೇರುವ ಎಡೆಯನ್ನು ಅಲ್ಲಿಯ ಜನರು ಅಳಿವೆಬಾಗಿಲೆಂದೇ ಕರೆಯುತ್ತಾರೆ. ಸಾವಿರದ ನಾಲ್ಕುನೂರು ವರ್ಷಗಳಿಗೂ ಮಿಕ್ಕು ಈ ಬಾಗಿಲು ಯಾವುದರ ಬಲದಿಂದ ತೆರೆದುಕೊಂಡಿತ್ತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಸ್ವರೂಪವನ್ನು ತಿಳಿಯತಕ್ಕದ್ದು. ನೇತ್ರಾವತಿಯು ಪಟ್ಟಣದ ದಕ್ಷಿಣ ಪಾರ್ಶ್ವದಲ್ಲಿ ಹರಿದು ಕಡಲಿಗೆ ಬರುತ್ತದೆ. ಫಲ್ಗುಣಿಯೆಂಬ ಹೆಸರೂ ಉಳ್ಳ ಗುರುಪುರ ಹೊಳೆಯು ಉತ್ತರದಿಂದ ಬಂದು, ಕಡಲಿನ ಸಮೀಪಕ್ಕೆ ತಲಪಿದ ಮೇಲೂ ಅದನ್ನು ಸೇರದೆ, ತೀರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ತಿರುಗುತ್ತದೆ. ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆಯೆಂಬ ನೀಳವಾದ ಮರಳದಿಣ್ಣೆಯೊಂದು ಮಲಗಿಕೊಂಡಿದೆ. ಆ ದಿಣ್ಣೆಯು ಮುಗಿಯುವಲ್ಲಿ ಎರಡು ಹೊಳೆಗಳೂ ಕೂಡಿ ಒಂದೇ ಬಾಯಿಯಿಂದ ಸಮುದ್ರವನ್ನು ಸೇರುತ್ತವೆ. ಬೆಂಗ್ರೆಯ ಮರೆಯಲ್ಲಿ ನಿಂತ ನಾವೆಗೆ ತೆರೆಗಳ ಭಯವಿಲ್ಲ. ಆದರೆ ಆ ಮರೆಯನ್ನು ಸೇರಬೇಕಾದರೆ ಅಳಿವೆಯನ್ನು ದಾಟಬೇಕು. ಅಳಿವೆಯಲ್ಲಿ ಮರಳು ತುಂಬಿ ನೀರು ಆಳವಿಲ್ಲ. ವರ್ಷವರ್ಷವೂ ಹೊಳೆಗಳು ಹೊತ್ತು ತರುವ ಮರಳನ್ನು ಕಡಲು ಹಿಂದಕ್ಕೆ ತಳ್ಳುತ್ತದೆ; ನಿನ್ನೆ ದಾರಿಯಿದ್ದ ಎಡೆಯಲ್ಲಿ ಇಂದು ದಿಬ್ಬವಿರುತ್ತದೆ. ಈ ಕಾರಣದಿಂದ ಹಿರಿಯ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕುವುವು. ಸರಕನ್ನು ಚಿಕ್ಕ ದೋಣಿಗಳಲ್ಲಿ ಒಳಕ್ಕೆ ತರಬೇಕಾಗುವುದು. ಮಳೆಗಾಲದ ತಿಂಗಳುಗಳಲ್ಲಿ ಆ ಬಾಗಿಲೂ ಮುಚ್ಚುವುದು. ಹೀಗೆ ಪ್ರಕೃತಿಯು ಈ ಪಟ್ಟಣಕ್ಕೆ ಕೊಟ್ಟ ರೇವು ಪೂರ್ಣವಾದುದಲ್ಲ. ಆದಾಗ್ಯೂ ಪಾರಸಿ, ಅರಬಿ, ಯೆಹೂದಿ, ಗುಜರಾತಿ, ಪೋರ್ತುಗೀಸ, ಇಂಗ್ಲಿಷ್ ವರ್ತಕರೆಲ್ಲರೂ ಈ ಅಪೂರ್ಣವಾದ ರೇವನ್ನೇ ಅರಸಿ ಬಂದರು.

ಈ ಕರೆಯ ಪ್ರಸ್ತಾಪವು ಪುರಾತನ ಯವನ, ರೋಮಕ ಗ್ರಂಥಗಳಲ್ಲಿ ಕಾಣಬರುತ್ತದೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಪ್ಲಿನಿಯು, ಮುಜಿರಿಸ್ ರೇವಿಗೆ ಹೋಗುವುದು ಕ್ಷೇಮವಲ್ಲ, ಏಕೆಂದರೆ ಸಮೀಪದ ನಿತ್ರಿಯಾಸ್ ಎಂಬ ಸ್ಥಳದಲ್ಲಿ ಕಡಲುಗಳ್ಳರಿರುತ್ತಾರೆ ಎಂದು ಬರೆದಿರುವನು. ಈ ನಿತ್ರಿಯಾಸ್ ಎಂಬುದು ನೇತ್ರಾವತಿಯ ಹೆಸರೇ ಎಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಅಲೆಕ್ಸಾಂಡ್ರಿಯದ ಸನ್ಯಾಸಿಯು ಮೆಣಸನ್ನು ಹಡಗಿಗೆ ತುಂಬುವ ಐದು ರೇವುಗಳನ್ನು ಎಣಿಸುವಾಗ ಮಂಗರೂತ್ ಎಂಬ ಹೆಸರನ್ನು ಹೇಳುತ್ತಾನೆ. ಅದು ಮಂಗಳೂರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಡಲುಗಳ್ಳರ ನೆಲೆಯೆಂದು ಹೆಸರಾಗಿದ್ದ ಕರೆಯು ಐನೂರು ವರ್ಷಗಳೊಳಗೆ ವರ್ತಕರ ನೆಲೆಯಾಯಿತು. ಅಲ್ಲಿಂದಾಚೆಗೆ ಆಳುಪ ಅರಸರು ತುಳುನಾಡನ್ನು ಆಳಿದರು. ಮಂಗಳೂರು ಅವರ ರಾಜಧಾನಿಗಳಲ್ಲೊಂದು. ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವು ಕ್ರಿ. ಶ. ೯೬೮ರಲ್ಲಿ ಆಳುಪ ದೊರೆ ಕುಂದವರ್ಮನಿಂದ ಪ್ರತಿಷ್ಠಿಸಲ್ಪಟ್ಟುದೆಂದು ಅದರ ಪೀಠದ ಶಾಸನವೇ ಸಾರುತ್ತದೆ. ಆ ಕಂಚಿನ ಕೆಲಸದ ನಯವನ್ನು ನೋಡಿದವರಿಗೆ, ಮುಂದೆ ಹೇಳಲಿರುವ ಒಬ್ಬ ಪರದೇಶಿಯು ಕಂಚಿನ ಪಾತ್ರೆಗಳಿಗಾಗಿಯೇ ಈ ಊರಿನಲ್ಲಿ ನೆಲೆಸಿದುದು ಆಶ್ಚರ್ಯವೆನಿಸದು.

ಇಲ್ಲಿ ಒಂದು ಆಕ್ಷೇಪವುಂಟಾಗಬಹುದು. ಸಮುದ್ರಯಾನವು ಶಾಸ್ತ್ರನಿಷಿದ್ಧವಲ್ಲವೆ, ಅಂತಹ ನಾಡಿನಲ್ಲಿ ನೌಕಾವಾಣಿಜ್ಯವು ಹೇಗೆ ಬೆಳೆಯಿತು ಎಂದು. ಬೌಧಾಯನನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳ ಸಾಲಿನಲ್ಲಿ ಎಣಿಸಿರುವುದು ನಿಜ. ಆದರೆ ಶಾಸ್ತ್ರವೆಂದರೆ ಅದೊಂದೇ ಅಲ್ಲ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಗಾಗಿ ಒಂದು ಅಧ್ಯಾಯವೇ ಮೀಸಲಾಗಿದೆ. ಬಿರುಗಾಳಿಯ ಹೊಡೆತಕ್ಕೆ ಸಿಕ್ಕಿ ದಾರಿತಪ್ಪಿ ಬಂದ ಹಡಗನ್ನು ರೇವಿನ ಅಧಿಕಾರಿಯು ತಂದೆಯಂತೆ ಅನುಗ್ರಹಿಸಬೇಕೆಂದೂ, ನೀರಿನಿಂದ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು ಇಲ್ಲವೆ ಅರ್ಧಕ್ಕೆ ಇಳಿಸಬೇಕೆಂದೂ ಅಲ್ಲಿ ವಿಧಿಸಿದೆ. ಒಂದು ಶಾಸ್ತ್ರವು ಕಡಲಿಗೆ ಹೋಗುವವನನ್ನು ತಡೆಯಿತು. ಇನ್ನೊಂದು ಕಡಲಿನಿಂದ ಬಂದವನಿಗೆ ಅಭಯವನ್ನು ಕೊಟ್ಟಿತು. ರೇವುಪಟ್ಟಣಗಳು ಎರಡನೆಯದನ್ನು ಆಶ್ರಯಿಸಿ ಬದುಕಿದುವು. ತಾನು ಹೋಗದವನೂ ಬಂದವನನ್ನು ನಂಬಬೇಕಾಗಿತ್ತು; ಬಂದವನೂ ಇದ್ದವನನ್ನು ನಂಬಬೇಕಾಗಿತ್ತು. ಈ ಪರಸ್ಪರ ವಿಶ್ವಾಸವು ಎಷ್ಟು ಗಟ್ಟಿಯಾಗಿತ್ತು, ಎಲ್ಲಿ ಸಡಿಲವಾಗುತ್ತಿತ್ತು ಎಂಬುದಕ್ಕೆ ಹನ್ನೆರಡನೆಯ ಶತಮಾನದ ಕೆಲವು ಓಲೆಗಳು ಸಾಕ್ಷಿಯಾಗಿ ಉಳಿದಿವೆ.

ಅಬ್ರಹಾಂ ಬೆನ್ ಯೀಜು ಎಂಬ ಯೆಹೂದಿ ವರ್ತಕನು ಆಫ್ರಿಕ ಖಂಡದ ಉತ್ತರ ತೀರದ ಮಹದಿಯ ಎಂಬ ಊರಿನವನು. ಆ ಊರು ಈಗಿನ ಟುನಿಸಿಯ ದೇಶದಲ್ಲಿದೆ. ಅವನು ಏಡನ್ ಪಟ್ಟಣಕ್ಕೆ ಬಂದು, ಅಲ್ಲಿಯ ವರ್ತಕರ ಮುಖಂಡನಾದ ಮದ್ಮೂನನ ಆಶ್ರಯವನ್ನು ಪಡೆದು, ಅಲ್ಲಿಂದ ಮಂಗಳೂರಿಗೆ ಬಂದನು. ೧೧೩೨ನೆಯ ವರ್ಷದ ಅಕ್ಟೋಬರ್ ೧೭ರಂದು ಅವನು ಮಂಗಳೂರಿನಲ್ಲಿ ಒಂದು ಪತ್ರವನ್ನು ಬರೆಯಿಸಿದನು. ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದುದಕ್ಕೆ ಅದು ದಾಖಲೆ. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ನಿರ್ಣಯಿಸಿರುವರು. ಆಮೇಲೆ ೧೧೪೯ರಲ್ಲಿ ಏಡನ್ನಿಗೆ ಮರಳುವವರೆಗೆ ಅವನ ಆಯುಸ್ಸಿನ ಬಹುಭಾಗವು ಈ ಕರೆಯಲ್ಲಿಯೇ ಕಳೆಯಿತು. ಅವನಿಗೆ ಇಲ್ಲಿ ಒಂದು ಕಂಚಿನ ಕಾರ್ಖಾನೆಯಿತ್ತು. ಏಡನ್ನಿನ ಗೆಳೆಯರು ತಾಮ್ರ, ಸೀಸ, ಒಡೆದ ಹಳೆಯ ಪಾತ್ರೆಗಳು ಇವುಗಳನ್ನು ಹಡಗಿನಲ್ಲಿ ಕಳುಹಿಸಿ, ಇಂತಿಷ್ಟು ತೂಕದ ತಟ್ಟೆ, ಇಂತಹ ಆಕಾರದ ದೀಪ ಎಂದು ವಿವರವಾಗಿ ಬರೆದು ಹೊಸ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಅವನು ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವುಗಳನ್ನು ಕಳುಹಿಸುವನು. ಅವನ ಸ್ವಂತದ ಉಪಯೋಗಕ್ಕೆಂದು ಅವರು ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಳುಹಿಸುವರು. ತಾಳೆಗರಿಯ ನಾಡಿನಲ್ಲಿದ್ದ ಆ ಪರದೇಶಿಗೆ ಕಾಗದವು ಎಂತಹ ಪ್ರಿಯವಸ್ತುವಾಗಿತ್ತೆಂಬುದನ್ನು ಊಹಿಸಬಹುದು.

ಈ ಓಲೆಗಳಲ್ಲಿ ಬೊಮ್ಮನೆಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಕನ್ನಡ ತುಳು ನಾಡುಗಳಲ್ಲಿ ಅಂದು ಸರ್ವಸಾಮಾನ್ಯವಾಗಿದ್ದ ಈ ಹೆಸರನ್ನು ಧರಿಸಿದವನು ಬೆನ್ ಯೀಜುವಿನ ದಾಸನೂ ವ್ಯಾಪಾರದ ಪ್ರತಿನಿಧಿಯೂ ಆಗಿದ್ದನು. ಒಡೆಯನ ಪರವಾಗಿ ಸರಕನ್ನು ತೆಗೆದುಕೊಂಡು ಏಡನ್ನಿಗೆ ಹೋಗಿಬರುವುದು ಅವನ ಕೆಲಸ. ಒಮ್ಮೆ ಅವನು ಏಡನ್ನಿನಲ್ಲಿ ಕುಡಿದು, ಮದ್ಮೂನನನ್ನು ಪೀಡಿಸಿ ಹಣವನ್ನು ತೆಗೆದುಕೊಂಡನೆಂಬ ದೂರು ಒಂದು ಓಲೆಯಲ್ಲಿದೆ. ಆದರೆ ಒಡೆಯನು ಅವನನ್ನು ಕೈಬಿಡಲಿಲ್ಲ. ಮುಂದಿನ ವರ್ಷಗಳ ಓಲೆಗಳಲ್ಲಿ ಏಡನ್ನಿನ ಶ್ರೀಮಂತ ವರ್ತಕರು ಬೊಮ್ಮನಿಗೆ ಪ್ರತ್ಯೇಕವಾಗಿ ವಂದನೆಗಳನ್ನು ಬರೆದಿರುವುದು ಕಾಣುತ್ತದೆ. ಅರಸರ ಹೆಸರುಗಳು ಶಿಲೆಯಲ್ಲಿ ಉಳಿಯುವುವು. ಕವಿಗಳ ಹೆಸರುಗಳು ಕಾವ್ಯದಲ್ಲಿ ಉಳಿಯುವುವು. ಪರರ ಸರಕನ್ನು ಹೊತ್ತು ಕಡಲನ್ನು ದಾಟಿದ ಒಬ್ಬ ಆಳಿನ ಹೆಸರು ಎಂಟುನೂರು ವರ್ಷಗಳನ್ನು ದಾಟಿ ಬಂದುದಕ್ಕೆ ಕಾರಣ, ದೂರದೇಶದವರು ಅವನನ್ನು ನೆನೆದು ಬರೆದ ಒಂದೆರಡು ಪಂಕ್ತಿಗಳು ಮಾತ್ರ.

ಹಾಗೆಂದು ಆ ಕಾಲದ ವಾಣಿಜ್ಯವೆಲ್ಲವೂ ಸತ್ಯಹರಿಶ್ಚಂದ್ರರ ವ್ಯವಹಾರವೆಂದು ಭಾವಿಸತಕ್ಕದ್ದಲ್ಲ. ಕಾರ್ದಾರನೆಂದು ಓಲೆಗಳಲ್ಲಿ ಕರೆಯಲ್ಪಟ್ಟ ಇಲ್ಲಿಯ ವ್ಯಾಪಾರಿಯೊಬ್ಬನು ಏಲಕ್ಕಿಗಾಗಿ ಮುಂಗಡ ಹಣವನ್ನು ಪಡೆದು ಸರಕನ್ನು ಕೊಡದೆ ಹೋದನು. ಏಡನ್ನಿನವರು ಬೆನ್ ಯೀಜುವನ್ನು ಕೇಳಿದರು. ಅವನು ಕಾರ್ದಾರನನ್ನು ಕೇಳಬೇಕಾಯಿತು. ಪತ್ರವ್ಯವಹಾರವು ವರ್ಷಗಟ್ಟಲೆ ನಡೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಯಾವುದೆಂದರೆ, ಏಡನ್ನಿನ ವರ್ತಕನೊಬ್ಬನು ಸೂಚಿಸಿದ ಶಿಕ್ಷೆ. ಸೈನ್ಯವನ್ನು ಕಳುಹಿಸುವೆವೆಂದಾಗಲಿ, ಅರಸನಿಗೆ ದೂರು ಕೊಡುವೆವೆಂದಾಗಲಿ ಅವನು ಹೇಳಲಿಲ್ಲ. ಮಾತಿಗೆ ತಪ್ಪಿದವನೆಂದು ಏಡನ್ನಿನಲ್ಲಿ ಅವನನ್ನು ಬಹಿರಂಗವಾಗಿ ನಿಂದಿಸುವೆವು, ಆ ನಿಂದಾಪತ್ರವನ್ನು ಅವನಿಗೇ ಕಳುಹಿಸುವೆವು ಎಂದು ಬೆದರಿಸಬೇಕೆಂಬುದೇ ಅವನ ಸಲಹೆ. ಮೂರು ಸಾವಿರ ಕಿಲೋಮೀಟರಿಗೂ ದೂರದ ಊರಿನಲ್ಲಿ ಹೆಸರು ಕೆಡುವುದೆಂಬ ಭಯವೇ ಮಂಗಳೂರಿನ ವ್ಯಾಪಾರಿಗೆ ಶಿಕ್ಷೆಯಾಗಬಲ್ಲುದೆಂದು ಅವರು ತಿಳಿದಿದ್ದರು. ಹಣಕ್ಕಿಂತ ಮುಂಚೆ ಹೆಸರೇ ಮೂಲಧನವಾಗಿದ್ದ ಕಾಲವದು.

ಈ ಓಲೆಗಳು ಉಳಿದುದೂ ಒಂದು ವಿಚಿತ್ರವಾದ ಕಥೆ. ದೇವರ ನಾಮವಿರಬಹುದಾದ ಯಾವ ಬರಹವನ್ನೂ ಹರಿದು ಬಿಸಾಡಬಾರದೆಂಬ ಯೆಹೂದಿಗಳ ಆಚಾರವು ಅದಕ್ಕೆ ಕಾರಣ. ಬೆನ್ ಯೀಜುವು ಸ್ವದೇಶವನ್ನು ಸಿಸಿಲಿಯ ನಾರ್ಮನರು ಧ್ವಂಸಮಾಡಿದ ವಾರ್ತೆಯನ್ನು ಕೇಳಿದನು. ತನ್ನ ಬಂಧುಗಳಿಗಾಗಿ ಹಂಬಲಿಸಿ ಅವನು ಪಶ್ಚಿಮಕ್ಕೆ ಮರಳಿದನು. ಜೊತೆಗೆ ಒಯ್ದ ಅವನ ಕಾಗದಪತ್ರಗಳು ಕಡೆಗೆ ಕೈರೋ ಸಮೀಪದ ಫುಸ್ತಾತಿನ ಪ್ರಾರ್ಥನಾಮಂದಿರದ ಕೋಣೆಯೊಂದನ್ನು ಸೇರಿದುವು. ೧೮೯೬-೯೭ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ಪಂಡಿತನು ಆ ರಾಶಿಯ ದೊಡ್ಡ ಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದನು. ಆಚೆಗೆ ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸನು ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಆರಿಸಿ ಓದುವುದರಲ್ಲಿ ದಶಕಗಳನ್ನು ಕಳೆದನು. ಅಮಿತಾವ ಘೋಷರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬೊಮ್ಮನ ಕಥೆಯು ಲೋಕಕ್ಕೆ ಪರಿಚಿತವಾಯಿತು. ಮಂಗಳೂರಿನ ವರ್ತಕಜೀವನದ ಅತಿ ಪುರಾತನವಾದ ಓಲೆಗಳು ಮಂಗಳೂರಿನಲ್ಲಿ ಉಳಿಯಲಿಲ್ಲ. ಮಿಸರ ದೇಶದ ಒಣಹವೆಯಲ್ಲಿ ಉಳಿದುವು.

ಬೆನ್ ಯೀಜುವಿನ ತರುವಾಯ ಎರಡು ಶತಮಾನಗಳು ಕಳೆದ ಮೇಲೆ, ೧೩೪೨ರ ಸುಮಾರಿಗೆ, ಮೊರಾಕೊ ದೇಶದ ಸಂಚಾರಿ ಇಬ್ನ್ ಬತೂತನು ಈ ರೇವಿಗೆ ಬಂದನು. ಅವನು ಇದನ್ನು ಮಂಜರೂರ್ ಎಂದು ಕರೆದು, ಪಾರಸ ಮತ್ತು ಯೆಮನ್ ದೇಶಗಳ ವರ್ತಕರಲ್ಲಿ ಬಹುಮಂದಿ ಇಳಿಯುವುದು ಇಲ್ಲಿಯೇ ಎಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ ಬರೆದಿರುವನು. ಅರಸನ ಹೆಸರು ರಾಮದೇವ. ಊರ ಹೊರಭಾಗದಲ್ಲಿ ಸುಮಾರು ೪,೦೦೦ ಮಂದಿ ಮುಸಲ್ಮಾನರು ವಾಸಿಸುತ್ತಿದ್ದರು. ಇವರಿಗೂ ಊರವರಿಗೂ ಒಮ್ಮೊಮ್ಮೆ ಕಾಳಗವೇ ನಡೆಯುವುದುಂಟು; ಆದರೆ ಅರಸನಿಗೆ ವರ್ತಕರ ಅವಶ್ಯಕತೆಯಿರುವುದರಿಂದ ಅವನು ನಡುವೆ ಬಂದು ಸಂಧಿಯನ್ನು ಮಾಡಿಸುವನು ಎಂದು ಅವನು ಹೇಳುತ್ತಾನೆ. ಈ ಒಂದು ವಾಕ್ಯದಲ್ಲಿ ರೇವಿನ ರಾಜನೀತಿಯೆಲ್ಲವೂ ಅಡಗಿದೆ. ಜಗಳವೇ ಇಲ್ಲದ ಊರು ಅದಾಗಿರಲಿಲ್ಲ. ಜಗಳವಾದ ಮರುದಿನ ಸಂಧಿಯಾಗದಿದ್ದರೆ ತನ್ನ ಹೊಸ್ತಿಲ ದೀಪವು ನಂದುವುದೆಂದು ತಿಳಿದ ಅರಸನಿದ್ದ ಊರು ಅದಾಗಿತ್ತು.

ಇನ್ನೊಂದು ಸಂಗತಿಯನ್ನೂ ಆ ಸಂಚಾರಿಯು ಬರೆದಿಟ್ಟಿದ್ದಾನೆ. ಊರಿನ ಖಾಜಿಯು ಹಡಗಿಗೆ ಬಂದು ಇಳಿಯಬೇಕೆಂದು ಪ್ರಾರ್ಥಿಸಿದಾಗ, ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಹೊರತು ಇಳಿಯುವುದಿಲ್ಲವೆಂದು ಯಾತ್ರಿಕರು ಹಟಹಿಡಿದರು. ಅದಕ್ಕೆ ಮುಂಚೆ ಬಾರಕೂರಿನ ಅರಸನು ಹಾಗೆಯೇ ಮಾಡಿದ್ದನು. ಮಂಗಳೂರಿನಲ್ಲಿ ಅದರ ಅಗತ್ಯವಿಲ್ಲವೆಂದು ಖಾಜಿಯು ವಾದಿಸಿದನು; ಯಾತ್ರಿಕರು ಒಪ್ಪಲಿಲ್ಲ. ಕಡೆಗೆ ಅರಸನು ಮಗನನ್ನು ಕಳುಹಿಸಿದನು. ಆಮೇಲೆ ಅವರು ಇಳಿದು, ಮೂರು ದಿನ ಆದರದ ಆತಿಥ್ಯವನ್ನು ಪಡೆದರು. ಅಪರಿಚಿತರಾದ ಹಡಗಿನವರ ನಂಬಿಕೆಯನ್ನು ಸಂಪಾದಿಸುವುದಕ್ಕಾಗಿ ಸ್ವಂತ ಮಗನನ್ನೇ ಅವರ ಕೈಗೆ ಕೊಡುವ ಅರಸನ ಧೈರ್ಯವು ಯುದ್ಧದಲ್ಲಿ ತೋರಿಸುವ ಧೈರ್ಯಕ್ಕಿಂತ ಕಡಿಮೆಯದಲ್ಲ.

ಇದಾದ ನೂರು ವರ್ಷಗಳ ಮೇಲೆ, ಕರೆಯು ವಿಜಯನಗರದ ಆಳಿಕೆಗೆ ಸೇರಿದ್ದ ಕಾಲದಲ್ಲಿ, ಪಾರಸ ದೇಶದ ರಾಯಭಾರಿ ಅಬ್ದುರ್ ರಜಾಕನು ೧೪೪೩ರಲ್ಲಿ ಕಲ್ಲಿಕೋಟೆಯಿಂದ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಇಲ್ಲಿಂದ ರಾಜಧಾನಿಗೆ ನಡೆದನು. ಪಟ್ಟಣದ ಸಮೀಪದಲ್ಲಿ ಎರಕದ ಕಂಚಿನಿಂದ ಮಾಡಿದ ಒಂದು ದೇವಾಲಯವನ್ನು ಕಂಡು, ಲೋಕದಲ್ಲಿ ಇದಕ್ಕೆ ಸಮಾನವಿಲ್ಲವೆಂದು ಅವನು ಬೆರಗಾದನು. ಹದಿನಾರನೆಯ ಶತಮಾನದ ಮೊದಲಲ್ಲಿ ಪೋರ್ತುಗೀಸ ಬರಹಗಾರ ಬಾರ್ಬೋಸನು ಇಲ್ಲಿ ಹಡಗುಗಳಿಗೆ ಕೆಂಪಕ್ಕಿಯನ್ನು ತುಂಬುವುದನ್ನು ವರ್ಣಿಸಿದ್ದಾನೆ. ಈ ಅಕ್ಕಿಯ ಮಾತನ್ನು ಲಘುವಾಗಿ ಎಣಿಸತಕ್ಕದ್ದಲ್ಲ. ಮೆಣಸು ಏಲಕ್ಕಿಗಳು ಶ್ರೀಮಂತರ ಊಟಕ್ಕೆ ರುಚಿಯನ್ನು ಕೊಡುವುವು. ಅಕ್ಕಿಯು ಬಡವನ ಹೊಟ್ಟೆಯನ್ನು ತುಂಬಿಸುವುದು. ಮೆಣಸಿನಿಂದ ಮಂಗಳೂರಿಗೆ ಕೀರ್ತಿಯು ಬಂತು. ಅಕ್ಕಿಯಿಂದ ಅದರ ಬಾಳು ನಡೆಯಿತು.

ಪೋರ್ತುಗೀಸರು ಬಂದ ಮೇಲೆ ಕಡಲಿನ ನೀತಿಯೇ ಬದಲಾಯಿತು. ಅದುವರೆಗೆ ಸಮುದ್ರವು ಯಾರ ಸೊತ್ತೂ ಆಗಿರಲಿಲ್ಲ. ಅವರಾದರೋ ಕಾರ್ತಾಸ್ ಎಂಬ ರಹದಾರಿ ಚೀಟಿಯಿಲ್ಲದೆ ಯಾವ ಹಡಗೂ ಸಂಚರಿಸಕೂಡದೆಂದು ವಿಧಿಸಿದರು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕು ಅವರ ಪಾಲು. ೧೫೨೬ರಲ್ಲಿ ಅವರು ಮಂಗಳೂರಿನ ಮೇಲೆ ದಾಳಿಯಿಟ್ಟರು. ೧೫೬೮ರಲ್ಲಿ ಕೋಟೆಯನ್ನು ಕಟ್ಟಿದರು. ನೇತ್ರಾವತಿಯ ಆಚೆದಡದ ಉಳ್ಳಾಲವನ್ನು ಆಳುತ್ತಿದ್ದ ಚೌಟ ವಂಶದ ಅಬ್ಬಕ್ಕ ರಾಣಿಯು ಅವರಿಗೆ ಮಣಿಯದೆ ಪ್ರತಿಭಟಿಸಿದುದನ್ನು ತುಳುನಾಡು ಈಗಲೂ ಕೊಂಡಾಡುತ್ತದೆ. ಇಷ್ಟಾದರೂ ಗೋವೆಯ ಪೋರ್ತುಗೀಸರು ಉಣ್ಣುತ್ತಿದ್ದುದು ಕನ್ನಡ ಜಿಲ್ಲೆಯ ಅಕ್ಕಿಯನ್ನೇ. ಕಡಲಿನ ಒಡೆತನವನ್ನು ಸಾರಿಕೊಂಡವರು ಅನ್ನಕ್ಕಾಗಿ ಅಳಿವೆಬಾಗಿಲಿನಲ್ಲಿ ಕೈಯೊಡ್ಡಿ ನಿಲ್ಲಬೇಕಾಯಿತು. ಆಚೆಗೆ ಕರೆಯನ್ನು ಆಳಿದ ಕೆಳದಿಯ ಅರಸರು ಈ ಮರ್ಮವನ್ನು ಚೆನ್ನಾಗಿ ಅರಿತು, ಅಕ್ಕಿಯನ್ನೇ ಆಯುಧವನ್ನಾಗಿ ಮಾಡಿಕೊಂಡು ಅವರೊಡನೆ ಒಪ್ಪಂದಗಳನ್ನು ನಡೆಸಿದರು.

ರೋಮಾಪುರಿಯ ಸಂಚಾರಿ ಪಿಯೆತ್ರೊ ದೆಲ್ಲ ವಾಲ್ಲೆಯು ೧೬೨೩ರಲ್ಲಿ ಮಂಗಳೂರಿಗೆ ಬಂದಾಗ ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಹೊರಟನು. ಆ ವೇಳೆಯಲ್ಲಿ ರಾಣಿಯು ಮಣೇಲಿನಲ್ಲಿದ್ದಳು. ಅವಳು ಸಿಂಹಾಸನದ ಮೇಲೆ ಕುಳಿತಿರಲಿಲ್ಲ. ಬರಿಗಾಲಿನಲ್ಲಿ ನಡೆದಾಡುತ್ತ, ಹೊಲಗಳಿಗೆ ನೀರನ್ನು ಹಾಯಿಸುವ ಕಾಲುವೆಯ ಕೆಲಸವನ್ನು ತಾನೇ ಮಾಡಿಸುತ್ತಿದ್ದಳು. ಅವಳ ಉಡುಗೆಯ ಸರಳತೆಯನ್ನು ಕಂಡು ಬೆರಗಾದ ಪರದೇಶಿಯು, ಮಾತುಕತೆಯಲ್ಲಿ ಅವಳ ಬುದ್ಧಿಸೂಕ್ಷ್ಮತೆಯನ್ನು ಮೆಚ್ಚಿ ಬರೆದಿದ್ದಾನೆ. ಯುದ್ಧದ ಕಥೆಗಳಿಗಿಂತ ಈ ಚಿತ್ರವೇ ರೇವಿನ ಗುಟ್ಟನ್ನು ಹೆಚ್ಚು ತಿಳಿಸುತ್ತದೆ. ಕಾಲುವೆಯಲ್ಲಿ ನೀರು ಹರಿದರೆ ಗದ್ದೆಯಲ್ಲಿ ಅಕ್ಕಿ. ಗದ್ದೆಯಲ್ಲಿ ಅಕ್ಕಿಯಿದ್ದರೆ ರೇವಿನಲ್ಲಿ ಹಡಗು.

ವರ್ತಕರು ಸರಕನ್ನು ಮಾತ್ರ ಇಳಿಸಿ ಹೋದವರಲ್ಲ. ಬಹುಮಂದಿ ಇಲ್ಲಿಯೇ ನಿಂತರು. ಬ್ಯಾರಿಗಳೆಂಬ ಹೆಸರು ಬ್ಯಾರ, ಎಂದರೆ ವ್ಯಾಪಾರ, ಎಂಬ ಮಾತಿನಿಂದಲೇ ಬಂದುದೆಂದು ಹೇಳುತ್ತಾರೆ. ಗೋವೆಯಿಂದ ಕೊಂಕಣಿಗರು ಬಂದರು, ಕ್ರೈಸ್ತರೂ ಬಂದರು. ಇವೆಲ್ಲಕ್ಕಿಂತಲೂ ಆಶ್ಚರ್ಯಕರವಾದುದು ಬೊಬ್ಬರ್ಯ ದೈವದ ಸಂಗತಿ. ಕಡಲಿನ ಮಕ್ಕಳಾದ ಮೊಗವೀರರು ಭಯಭಕ್ತಿಗಳಿಂದ ಆರಾಧಿಸುವ ಈ ದೈವವು, ಮುಸಲ್ಮಾನ ವರ್ತಕನೊಬ್ಬನಿಗೆ ಈ ನೆಲದ ಹೆಣ್ಣಿನಲ್ಲಿ ಹುಟ್ಟಿ, ಹಡಗನ್ನು ಕಟ್ಟಿ ವ್ಯಾಪಾರಮಾಡಿ, ಕಡಲಿನಲ್ಲಿಯೇ ಮಡಿದ ವೀರನೆಂದು ಪಾಡ್ದನಗಳು ಹಾಡುತ್ತವೆ. ಶಾಸ್ತ್ರಗ್ರಂಥಗಳಲ್ಲಿ ಇಂತಹ ದೇವತೆಗೆ ಧ್ಯಾನಶ್ಲೋಕವು ದೊರೆಯದು. ಆದರೆ ಬಿರುಗಾಳಿಯಲ್ಲಿ ದೋಣಿಯು ತೂಗಾಡುವಾಗ ಮೀನುಗಾರನು ಕೂಗುವ ಹೆಸರು ಅವನದು. ಪರದೇಶಿಯ ಮಗನನ್ನು ದೈವವನ್ನಾಗಿ ಮಾಡಿಕೊಂಡ ಜನರಿಗೆ ಅತಿಥಿಧರ್ಮವನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ.

ಈ ವಿಶ್ವಾಸವು ಮುರಿದು ಬಿದ್ದ ಕಾಲವನ್ನೂ ಹೇಳದೆ ಬಿಡಬಾರದು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಮಂಗಳೂರು ಅವನ ವಶವಾಯಿತು. ಮೈಸೂರಿಗೆ ಕಡಲಿನ ಬಾಗಿಲು ದೊರೆತಂತಾಯಿತೆಂದು ಸಂತೋಷಪಟ್ಟ ಅವನು ಇಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದನು. ೧೭೬೮ರಲ್ಲಿ ಇಂಗ್ಲಿಷರು ಪಟ್ಟಣವನ್ನು ಹಿಡಿದರು. ಅದೇ ವರ್ಷ ಅದು ಮತ್ತೆ ಮೈಸೂರಿನವರ ಕೈಸೇರಿತು. ೧೭೮೩ರಲ್ಲಿ ಇಂಗ್ಲಿಷರು ಪುನಃ ಹಿಡಿದಾಗ ಟಿಪ್ಪೂ ಸುಲ್ತಾನನು ಮೇ ತಿಂಗಳಿನಿಂದ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಬೆಲನು ಹಸಿವಿನಿಂದ ಕಂಗೆಟ್ಟ ತನ್ನ ಸೈನ್ಯದೊಡನೆ ೧೭೮೪ರ ಜನವರಿ ೩೦ರಂದು ಕೋಟೆಯನ್ನು ಒಪ್ಪಿಸಿದನು. ಮಾರ್ಚ್ ೧೧ರಂದು ನಡೆದ ಮಂಗಳೂರು ಒಪ್ಪಂದದಲ್ಲಿ ಎರಡು ಪಕ್ಷದವರೂ ಗೆದ್ದುದನ್ನು ಹಿಂದಿರುಗಿಸಿದರು. ಆದರೆ ಅದೇ ವರ್ಷ ಸುಲ್ತಾನನು ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ ಕರೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಯಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಸತ್ತರು. ಉಳಿದವರು ೧೭೯೯ರ ತರುವಾಯ ಮರಳಿ ಬಂದು ಪಾಳುಬಿದ್ದ ಮನೆಗಳನ್ನು ಮತ್ತೆ ಎತ್ತಿ ಕಟ್ಟಿದರು. ನಾಲ್ಕುನೂರು ವರ್ಷಗಳ ಹಿಂದೆ ರಾಮದೇವನು ಮಾಡಿಸಿದಂತಹ ಸಂಧಿಯು ಈ ಸಲ ನಡೆಯಲಿಲ್ಲ. ಅದರ ನೋವು ಆ ಕುಟುಂಬಗಳ ಸ್ಮರಣೆಯಲ್ಲಿ ತಲೆಮಾರುಗಳವರೆಗೆ ಉಳಿಯಿತು.

ಕುಂಪಣಿಯ ಆಳಿಕೆಯು ಬಂದ ಮೇಲೆ ಥಾಮಸ್ ಮನ್ರೋ ಕನ್ನಡ ಜಿಲ್ಲೆಯ ಮೊದಲನೆಯ ಕಲೆಕ್ಟರನಾದನು. ೧೮೦೧ರಲ್ಲಿ ಸಂಚರಿಸಿದ ಬುಕಾನನನು ರೇವಿನ ಮುಖ್ಯವಾದ ರಫ್ತು ಅಕ್ಕಿಯೇ ಎಂದೂ, ಅದು ಮಸ್ಕತ್, ಮುಂಬಯಿ, ಗೋವೆ, ಮಲಬಾರಗಳಿಗೆ ಹೋಗುವುದೆಂದೂ ಬರೆದನು. ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಇದೇ ಬಾಗಿಲಿನಿಂದ ಒಳಗೆ ಬಂದರು. ಅವರಲ್ಲೊಬ್ಬನಾದ ಮೋಗ್ಲಿಂಗನು ೧೮೪೩ರ ಜುಲೈ ೧ರಂದು ಮಂಗಳೂರ ಸಮಾಚಾರವೆಂಬ ಕನ್ನಡದ ಪ್ರಥಮ ವೃತ್ತಪತ್ರಿಕೆಯನ್ನು ಹೊರಡಿಸಿದನು. ಕಿಟ್ಟೆಲನ ಕನ್ನಡ ನಿಘಂಟು ೧೮೯೪ರಲ್ಲಿ ಅಚ್ಚಾದುದೂ ಇಲ್ಲಿಯೇ. ೧೮೬೫ರಲ್ಲಿ ಹೊಳೆದಡದ ಜೇಡಿಮಣ್ಣಿನಿಂದ ಹಂಚುಗಳನ್ನು ಸುಡುವ ಕಾರ್ಖಾನೆಯು ಪ್ರಾರಂಭವಾಯಿತು. ಆ ಕೆಂಪು ಹಂಚು ಹಾಯಿಹಡಗುಗಳನ್ನೇರಿ ದೇಶಾಂತರಗಳಿಗೆ ಹೋಯಿತು. ಮಂಗಳೂರನ್ನು ನೋಡದವರೂ ಮಂಗಳೂರು ಹಂಚಿನ ನೆರಳಿನಲ್ಲಿ ಮಲಗಿದರು. ಘಟ್ಟದ ಮೇಲಿನಿಂದ ಕಾಫಿಯು ಇಳಿದು ಬಂದು ಇಲ್ಲಿಯ ಕಾರ್ಖಾನೆಗಳಲ್ಲಿ ಹಸನಾಗಿ ಹಡಗನ್ನೇರಿತು. ಹೊಸ್ತಿಲ ದೀಪವು ಒಳಗೂ ಹೊರಗೂ ಬೆಳಗಿದ ಪರಿಯಿದು.

ಕಾಲಕ್ರಮದಲ್ಲಿ ಹಡಗುಗಳು ದೊಡ್ಡವಾದುವು. ಅಳಿವೆಯು ಮಾತ್ರ ಹಿಂದಿನಂತೆಯೇ ಉಳಿಯಿತು. ೧೯೦೭ರಲ್ಲಿ ದಕ್ಷಿಣದಿಂದ ರೈಲು ಬಂದು ಸೇರಿತು. ಸರಕಿನ ಒಂದು ಪಾಲು ಕಡಲನ್ನು ಬಿಟ್ಟು ಕಂಬಿಯನ್ನು ಹಿಡಿಯಿತು. ೧೯೫೬ರಲ್ಲಿ ಮದರಾಸು ಪ್ರಾಂತದಿಂದ ಬೇರೆಯಾಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ, ಮೈಸೂರಿಗೆ ಮತ್ತೆ ದಕ್ಷಿಣದ ಕಡಲಬಾಗಿಲು ದೊರೆಯಿತು. ಆದರೆ ಆಳವಾದ ರೇವಿಲ್ಲದೆ ಅದರಿಂದ ಪೂರ್ಣ ಪ್ರಯೋಜನವಿರಲಿಲ್ಲ. ಕಡೆಗೆ ಉತ್ತರದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆತರಲಾಯಿತು. ನವಮಂಗಳೂರು ಬಂದರವು ೧೯೭೪ರ ಮೇ ೪ರಂದು ದೇಶದ ಪ್ರಧಾನ ಬಂದರಗಳಲ್ಲಿ ಒಂಬತ್ತನೆಯದೆಂದು ಘೋಷಿಸಲ್ಪಟ್ಟು, ೧೯೭೫ರ ಜನವರಿ ೧೧ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರಿಂದ ಉದ್ಘಾಟಿತವಾಯಿತು. ಅಲ್ಲಿ ಮರಳು ಮನುಷ್ಯನ ಮಾತನ್ನು ಕೇಳುತ್ತದೆ. ಆದರೆ ಆ ಬಂದರಕ್ಕಾಗಿ ಪಣಂಬೂರಿನ ಜನರು ತಮ್ಮ ಮನೆ ಗದ್ದೆಗಳನ್ನು ಬಿಟ್ಟು ಹೋದರೆಂಬುದನ್ನು ಮರೆಯಬಾರದು.

ಈಗ ಪಟ್ಟಣವನ್ನು ನೋಡಲು ಬರುವ ಯಾತ್ರಿಕನಿಗೆ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ತೋರಿಸುವುದು ಪದ್ಧತಿ. ಶತ್ರುನೌಕೆಗಳು ಗುರುಪುರ ಹೊಳೆಯನ್ನು ಹೊಗದಂತೆ ೧೭೮೪ರಲ್ಲಿ ಟಿಪ್ಪುವು ಕಟ್ಟಿಸಿದ ಈ ಕರಿಗಲ್ಲಿನ ಕಾವಲುಗೋಪುರವು ನೋಡತಕ್ಕುದೇ ಸರಿ. ಆದರೆ ಅಲ್ಲಿಗೇ ನಿಲ್ಲದೆ ಅವನು ಬಂದರಿನ ಇಕ್ಕಟ್ಟಾದ ಓಣಿಗಳನ್ನು ಹೊಗಬೇಕು. ಒಣಮೆಣಸು, ಅಡಕೆ, ಒಣಮೀನುಗಳ ವಾ‌ಸನೆಯು ಅಲ್ಲಿ ದಾರಿಯನ್ನು ತೋರಿಸುವುದು. ಕೆತ್ತನೆಯ ಮರದ ಕಂಬಗಳುಳ್ಳ ಜೀನತ್ ಬಕ್ಷ್ ಮಸೀದಿಯು ಅಲ್ಲಿದೆ. ಏಳನೆಯ ಶತಮಾನದಲ್ಲಿ ಅರಬಿ ವರ್ತಕರ ಕಾಲದಲ್ಲಿ ಅದು ಸ್ಥಾಪಿತವಾಯಿತೆಂದು ಪ್ರತೀತಿ. ದಕ್ಕೆಯಲ್ಲಿ ಮೀನುದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಬದಿಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮರದ ಮಂಜಿಗಳಿಗೆ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿಗಳನ್ನು ಹೇರುತ್ತಾರೆ. ಬಾರ್ಬೋಸನು ಕಂಡ ದೃಶ್ಯವೇ ಅದು. ಶ್ರಾವಣದ ಹುಣ್ಣಿಮೆಯಂದು ಬಂದವನಾದರೆ, ಮೊಗವೀರರು ಕಡಲಿಗೆ ಹಾಲನ್ನೆರೆದು ತೆಂಗಿನಕಾಯಿಯನ್ನು ಸಮರ್ಪಿಸಿ, ಬಾಗಿಲನ್ನು ತೆರೆಯೆಂದು ಬೇಡುವುದನ್ನು ಅವನು ನೋಡಬಹುದು.

ಆ ಓಣಿಗಳ ಹಳೆಯ ಮಂಡಿಗಳಲ್ಲಿ, ಅಟ್ಟದ ಮೇಲಣ ಪೆಟ್ಟಿಗೆಗಳಲ್ಲಿ, ಅಜ್ಜಂದಿರ ಕಾಲದ ಲೆಕ್ಕದ ಕಡತಗಳೂ ಹುಂಡಿಗಳೂ ಓಲೆಗಳೂ ಬಿದ್ದಿರುವ ಮನೆಗಳು ಇನ್ನೂ ಉಂಟು. ಮಳೆಗಾಲದ ತೇವವೂ ಗೆದ್ದಲೂ ಅವುಗಳನ್ನು ತಿನ್ನುತ್ತಿವೆ. ಹಳೆಯ ಮನೆಯನ್ನು ಕೆಡಹಿ ಹೊಸದನ್ನು ಕಟ್ಟುವ ದಿನ ಅವು ಕಸದೊಡನೆ ಹೋಗುತ್ತವೆ. ಎಷ್ಟು ಮುಡಿ ಅಕ್ಕಿ ಯಾವ ಹಡಗಿಗೆ ಹೋಯಿತು, ಯಾರು ಯಾರನ್ನು ನಂಬಿ ಸಾಲಕೊಟ್ಟರು, ಯಾವ ಜಾತಿಯವನಿಗೆ ಯಾವ ಮತದವನು ಜಾಮೀನು ನಿಂತನು ಎಂಬುದನ್ನು ಹೇಳಬಲ್ಲವು ಆ ಕಡತಗಳೇ. ಬೊಮ್ಮನ ಹೆಸರನ್ನು ಮಿಸರದವರು ಉಳಿಸಿಕೊಟ್ಟರು. ಅವನ ತರುವಾಯದ ನೂರಾರು ಬೊಮ್ಮಂದಿರ ಹೆಸರುಗಳನ್ನು ಉಳಿಸುವ ಕೆಲಸವನ್ನು ಮಿಸರದವರು ಮಾಡಲಾರರು. ಕಲ್ಲಿನ ಗೋಪುರಕ್ಕೆ ಬೇಲಿಯನ್ನು ಹಾಕಿ ಕಾಯುವ ಊರು, ವಿಶ್ವಾಸದ ದಾಖಲೆಗಳಾದ ಈ ಕಾಗದಗಳನ್ನೂ ಒಂದು ಒಣಗಿದ ಕೋಣೆಯಲ್ಲಿ ಇರಿಸಿ ಕಾಯುವುದು ಯುಕ್ತವಾಗಿದೆ. ಆ ಕೆಲಸಕ್ಕೆ ಬೇಕಾದುದು ದೊಡ್ಡ ಧನವಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಅಟ್ಟವನ್ನು ಹತ್ತುವ ಮನಸ್ಸು.